ಹಾಲಿಲ್ಲದ ಊಟ: ಹೋಟೆಲು, ಅಡುಗೆಮನೆ ಮತ್ತು ಹೆದ್ದಾರಿಗಳಲ್ಲಿ ವೀಗನ್ ಆಹಾರ

‘ನಮ್ಮದು ಶುದ್ಧ ಸಸ್ಯಾಹಾರ’ ಎನ್ನುವ ಕನ್ನಡದ ಮನೆಗಳಲ್ಲಿ ದಿನ ಆರಂಭವಾಗುವುದು ಹಾಲು ಬೆರೆತ ಕಾಫಿಯಿಂದ. ಊಟ ಮುಗಿಯುವುದು ಮಜ್ಜಿಗೆ ಅನ್ನದಿಂದ. ಇವೆರಡರ ನಡುವೆ ತೊವ್ವೆಯ ಮೇಲೆ ಒಂದು ಮಿಳ್ಳೆ ತುಪ್ಪ ಬೀಳದಿದ್ದರೆ ಊಟ ಸಪ್ಪೆಯೆನಿಸುತ್ತದೆ. ಹೀಗಿರುವಾಗ ಹಾಲು, ಮೊಸರು, ಬೆಣ್ಣೆ, ತುಪ್ಪ, ಜೇನು ಯಾವುದನ್ನೂ ಸೇವಿಸುವುದಿಲ್ಲ ಎಂದು ನಿರ್ಧರಿಸಿದವರಿಗೆ ನಮ್ಮಲ್ಲಿ ಎದುರಾಗುವ ಮೊದಲ ಪ್ರಶ್ನೆ ಒಂದೇ: ‘ಹಾಗಾದರೆ ತಿನ್ನುವುದಾದರೂ ಏನನ್ನು?’

ಉತ್ತರ ಅನೇಕರು ಊಹಿಸುವುದಕ್ಕಿಂತ ಸರಳವಾಗಿದೆ. ಮುದ್ದೆ, ಬಸ್ಸಾರು, ಜೋಳದ ರೊಟ್ಟಿ, ಎಣ್ಣೆಗಾಯಿ, ನೀರುದೋಸೆ, ಪತ್ರೊಡೆ, ಕಡುಬು, ಪುಳಿಯೋಗರೆ ಇವೆಲ್ಲ ತಮ್ಮ ಮೂಲರೂಪದಲ್ಲಿಯೇ ಹಾಲಿನ ಹಂಗಿಲ್ಲದ ಅಡುಗೆಗಳು. ಹೀಗಾಗಿ ಕರ್ನಾಟಕದಲ್ಲಿ ವೀಗನ್ ಆಹಾರವನ್ನು ಹೊರದೇಶದಿಂದ ತರಿಸಬೇಕಾಗಿಲ್ಲ. ಇರುವ ಅಡುಗೆಯಲ್ಲಿ ಹಾಲು ಎಲ್ಲಿ ಸೇರುತ್ತದೆ ಎಂಬುದನ್ನು ಅರಿತರೆ ಸಾಕು. ಜೊತೆಗೆ, ಹಾಲನ್ನು ಬಿಟ್ಟಾಗ ದೇಹಕ್ಕೆ ತಪ್ಪಿಹೋಗುವ ಒಂದು ಪೋಷಕಾಂಶವನ್ನು ಮರೆಯದೆ ಬೇರೆ ಮೂಲದಿಂದ ಪಡೆಯಬೇಕು. ಈ ಎರಡು ಸಂಗತಿಗಳನ್ನು ಕೇಂದ್ರವಾಗಿಟ್ಟುಕೊಂಡು ಸಿದ್ಧಪಡಿಸಿದ ಮಾಹಿತಿ ಇಲ್ಲಿದೆ.

ವೀಗನ್ ಎಂದರೇನು?

‘ವೀಗನ್’ ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಮತ್ತು ಆತನ ಸಂಗಡಿಗರು ಹಾಲು, ಮೊಟ್ಟೆಗಳನ್ನು ಸೇವಿಸುವ ಸಸ್ಯಾಹಾರಿಗಳಿಂದ ತಮ್ಮನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಲು ಈ ಪದವನ್ನು ಬಳಕೆಗೆ ತಂದು, ಅದೇ ವರ್ಷ ವೀಗನ್ ಸೊಸೈಟಿಯನ್ನು ಸ್ಥಾಪಿಸಿದರು. ಸಂಸ್ಥೆಯ ಸುವರ್ಣ ಮಹೋತ್ಸವದ ವರ್ಷವಾದ 1994ರಿಂದ ನವೆಂಬರ್ 1ನ್ನು ವಿಶ್ವ ವೀಗನ್ ದಿನವಾಗಿ ಆಚರಿಸಲಾಗುತ್ತಿದೆ. ಕನ್ನಡಿಗರಿಗೆ ಅದೇ ದಿನ ರಾಜ್ಯೋತ್ಸವವೂ ಹೌದು ಎಂಬುದು ಕೇವಲ ಕಾಕತಾಳೀಯ.

ಪ್ರಾಣಿಮೂಲದ ಯಾವುದೇ ಪದಾರ್ಥ ಇಲ್ಲದಿರುವುದೇ ವೀಗನ್ ಆಹಾರದ ಲಕ್ಷಣ. ಮಾಂಸ, ಮೀನು, ಮೊಟ್ಟೆಗಳೊಡನೆ ಹಾಲು ಮತ್ತು ಅದರ ಉತ್ಪನ್ನಗಳು, ಜೇನುತುಪ್ಪ, ಜೆಲಾಟಿನ್ ಕೂಡ ಇಲ್ಲಿ ವರ್ಜ್ಯ. ಇದನ್ನು ಜೈನ ಆಹಾರದೊಂದಿಗೆ ಬೆರೆಸಿಕೊಳ್ಳಬಾರದು. ಜೈನ ಪದ್ಧತಿಯಲ್ಲಿ ಗೆಡ್ಡೆ-ಗೆಣಸು ಮತ್ತು ಜೇನುತುಪ್ಪಗಳಿಗೆ ನಿಷೇಧವಿದ್ದರೂ ಹಾಲು, ತುಪ್ಪಗಳಿಗೆ ಅವಕಾಶವಿದೆ. ಹೋಟೆಲಿನ ಪಟ್ಟಿಯಲ್ಲಿ ‘ಜೈನ್’ ಎಂದು ಬರೆದಿರುವ ತಿನಿಸು ವೀಗನ್ ಆಗಿರಬೇಕೆಂದಿಲ್ಲ.

ಜನರು ಈ ಮಾರ್ಗವನ್ನು ಹಿಡಿಯುವುದಕ್ಕೆ ಕಾರಣಗಳು ಬೇರೆಬೇರೆ. ಹಸು ಕರು ಹಾಕದೆ ಹಾಲು ಕೊಡುವುದಿಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಗಂಡುಕರುವಿಗೆ ಕೊಟ್ಟಿಗೆಯಲ್ಲಿ ಸ್ಥಾನವಿಲ್ಲ ಎಂಬ ನೈತಿಕ ತಳಮಳ ಕೆಲವರದು. ಜಾನುವಾರು ಸಾಕಣೆಯಿಂದ ಹೊರಹೊಮ್ಮುವ ಮೀಥೇನ್ ಅನಿಲ, ಮೇವಿಗೆ ಬೇಕಾಗುವ ಭೂಮಿ ಮತ್ತು ನೀರು ಇನ್ನು ಕೆಲವರ ಚಿಂತೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆ ಜೀರ್ಣವಾಗದಿರುವುದು ಮತ್ತೊಂದು ಕಾರಣ. ಶೈಶವದ ನಂತರ ಲ್ಯಾಕ್ಟೋಸ್ ಜೀರ್ಣಿಸಿಕೊಳ್ಳುವ ಶಕ್ತಿ ಕುಂದುವುದು ಜಗತ್ತಿನ ಜನಸಂಖ್ಯೆಯ ಸುಮಾರು ಮೂರನೇ ಎರಡು ಭಾಗದಲ್ಲಿ ಕಂಡುಬರುವ ಸಹಜ ಸಂಗತಿ. ಹಾಲು ಕುಡಿದೊಡನೆ ಹೊಟ್ಟೆ ಉಬ್ಬರಿಸುವವರು ಯಾವ ಸಿದ್ಧಾಂತವೂ ಇಲ್ಲದೆಯೇ ಇಂಥ ಆಹಾರವನ್ನು ಹುಡುಕುತ್ತಾರೆ.

ಮೇಲೆ ಬೀಳುವ ಹಾಲು, ಒಳಗೆ ಬೆರೆಯುವ ಹಾಲು

ನಮ್ಮ ಅಡುಗೆಯಲ್ಲಿ ಹೈನು ಪದಾರ್ಥಗಳು ಎರಡು ಬಗೆಯಲ್ಲಿ ಸೇರುತ್ತವೆ. ಮೊದಲನೆಯದು ಮೇಲೆ ಬೀಳುವ ಬಗೆ. ಬಾಳೆಎಲೆಯ ಊಟವನ್ನೇ ಗಮನಿಸಿ. ತುಪ್ಪ ಬಡಿಸುವವರು ಬೇರೆ, ಮಜ್ಜಿಗೆ ಬಡಿಸುವವರು ಬೇರೆ. ಎಲೆಯ ಮೇಲೆ ಕೈಯಡ್ಡ ಹಿಡಿದು ‘ಬೇಡ’ ಎಂದರೆ ಮುಗಿಯಿತು. ಕೋಸಂಬರಿ, ಪಲ್ಯ, ಗೊಜ್ಜು, ಹುಳಿ, ಸಾರು, ಅನ್ನ ಉಳಿಯುತ್ತವೆ. ಉತ್ತರ ಕರ್ನಾಟಕದ ರೊಟ್ಟಿ ಊಟದಲ್ಲಿ ಬೆಣ್ಣೆಯ ಉಂಡೆ ಮತ್ತು ಮೊಸರಿನ ಬಟ್ಟಲು ತಟ್ಟೆಯ ಬದಿಗಿರುತ್ತವೆ. ಬಿಡದಿಯ ತಟ್ಟೆ ಇಡ್ಲಿಯ ಮೇಲಿನ ಬೆಣ್ಣೆ, ಬಿಸಿಬೇಳೆಬಾತಿನ ಮೇಲಿನ ತುಪ್ಪ, ಹೋಳಿಗೆಯ ಮೇಲೆ ಸುರಿಯುವ ತುಪ್ಪ ಇವೆಲ್ಲ ಇದೇ ವರ್ಗದವು.

ಎರಡನೆಯದು ಒಳಗೆ ಬೆರೆಯುವ ಬಗೆ. ರವೆ ಇಡ್ಲಿಯ ಹಿಟ್ಟಿನಲ್ಲಿ ಮೊಸರು, ಗೋಳಿಬಜೆಯಲ್ಲಿ ಮೊಸರು, ಮಂಗಳೂರು ಬನ್ಸ್‌ನಲ್ಲಿ ಮೊಸರು, ಕೇಸರಿಬಾತು ಮತ್ತು ಪೊಂಗಲ್‌ನಲ್ಲಿ ತುಪ್ಪ, ನಾನ್ ಮತ್ತು ಕುಲ್ಚಾಗಳಲ್ಲಿ ಹಾಲು ಅಥವಾ ಮೊಸರು, ತಂಬುಳಿ ಮತ್ತು ಮಜ್ಜಿಗೆ ಹುಳಿಗಳಲ್ಲಿ ಮಜ್ಜಿಗೆ ಅಡುಗೆಯ ಹಂತದಲ್ಲಿಯೇ ಸೇರಿರುತ್ತವೆ. ಮೈಸೂರು ಪಾಕ್, ಧಾರವಾಡ ಪೇಡ, ಬೆಳಗಾವಿ ಕುಂದಾಗಳಂತೂ ತುಪ್ಪ ಇಲ್ಲವೇ ಹಾಲಿನಿಂದಲೇ ಆದವು. ಇಲ್ಲಿ ‘ಮೇಲೆ ಹಾಕಬೇಡಿ’ ಎಂದು ಹೇಳಿ ಪ್ರಯೋಜನವಿಲ್ಲ. ಯಾವ ತಿನಿಸು ಈ ವರ್ಗಕ್ಕೆ ಸೇರಿದೆ ಎಂಬುದು ಮೊದಲೇ ಗೊತ್ತಿರಬೇಕು. ಈ ವ್ಯತ್ಯಾಸವೊಂದು ಮನಸ್ಸಿನಲ್ಲಿದ್ದರೆ ಯಾವ ಊರಿನ ಯಾವ ಹೋಟೆಲಿನಲ್ಲಿಯೂ ತೊಂದರೆಯಾಗದು.

ನಗರದ ಹೋಟೆಲುಗಳಲ್ಲಿ

ಬೆಂಗಳೂರಿನಲ್ಲಿ 2010ರ ದಶಕದಿಂದೀಚೆಗೆ ವೀಗನ್ ಆಹಾರಕ್ಕೇ ಮೀಸಲಾದ ಉಪಾಹಾರ ಗೃಹಗಳು ತಲೆಯೆತ್ತಿವೆ. ಸೋಯಾ ಪನ್ನೀರಾದ ತೋಫು, ಗೋಡಂಬಿಯ ಚೀಸ್, ಹಾಲಿಲ್ಲದ ಐಸ್‌ಕ್ರೀಂಗಳು ಅಲ್ಲಿ ಲಭ್ಯ. ದೊಡ್ಡ ಕಾಫಿ ಸರಪಳಿಗಳಲ್ಲಿ ಸೋಯಾ, ಓಟ್ಸ್ ಅಥವಾ ಬಾದಾಮಿ ಹಾಲಿನ ಕಾಫಿಯೂ ದೊರೆಯುತ್ತದೆ. ಆದರೆ ಇವುಗಳ ಬೆಲೆ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ರಾಜಧಾನಿಯಾಚೆಗೆ ಇಂಥ ತಾಣಗಳು ವಿರಳ. ದಿನನಿತ್ಯದ ಊಟಕ್ಕೆ ಆಧಾರವಾಗುವುದು 1980ರ ದಶಕದಿಂದ ನಗರವನ್ನು ಆವರಿಸಿರುವ ದರ್ಶಿನಿಗಳು ಮತ್ತು ಹಳೆಯ ಹೋಟೆಲುಗಳೇ.

ಬಸವನಗುಡಿಯ ಬಳಿಯ ಶಂಕರಪುರದಲ್ಲಿ 1965ರಿಂದ ನಡೆಯುತ್ತಿರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನ ಪಟ್ಟಿ ಅತ್ಯಂತ ಚಿಕ್ಕದು: ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಕಾಫಿ-ಚಹಾ, ಸಾಂಬಾರಿಲ್ಲ, ಚಟ್ನಿ ಮಾತ್ರ. ಅಕ್ಕಿ-ಉದ್ದಿನ ಇಡ್ಲಿ, ಉದ್ದಿನ ವಡೆ, ತೆಂಗಿನಕಾಯಿ ಚಟ್ನಿ ಎಂಬ ಈ ಜೋಡಣೆಯೇ ನಮ್ಮ ಹೋಟೆಲುಗಳಲ್ಲಿ ಹಾಲನ್ನು ಬೇಡದ ಅತ್ಯಂತ ಸುಲಭವಾದ ಉಪಾಹಾರ. ಇದಕ್ಕೆ ವ್ಯತಿರಿಕ್ತವಾಗಿ, 1924ರಲ್ಲಿ ಆರಂಭವಾದ ಎಂಟಿಆರ್ ಹೋಟೆಲಿನ ಖ್ಯಾತಿಯ ರವೆ ಇಡ್ಲಿಗೆ ಮೊಸರು ಬೇಕೇ ಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ಈ ತಿನಿಸನ್ನು ರೂಪಿಸಿದ್ದಾಗಿ ಆ ಸಂಸ್ಥೆ ಹೇಳಿಕೊಳ್ಳುತ್ತದೆ. ಮಲ್ಲೇಶ್ವರದ ಸಿಟಿಆರ್‌ನ ದೋಸೆಯ ಹೆಸರಿನಲ್ಲಿಯೇ ಬೆಣ್ಣೆಯಿದೆ. ಇಂಥ ಕಡೆ ದೋಸೆಯನ್ನು ‘ಎಣ್ಣೆಯಲ್ಲಿ ಹಾಕಿ ಕೊಡಿ’ ಎಂದು ಕೇಳಬಹುದಾದರೂ ಜನಸಂದಣಿಯ ಹೊತ್ತಿನಲ್ಲಿ ಒಂದೇ ಕಾವಲಿಯ ಮೇಲೆ ಹತ್ತಾರು ದೋಸೆ ಬೇಯುತ್ತಿರುವುದನ್ನು ನೆನಪಿಡಬೇಕು.

ದರ್ಶಿನಿಯ ಪಟ್ಟಿಯನ್ನು ಹೀಗೆ ವಿಂಗಡಿಸಿಕೊಳ್ಳಬಹುದು.

ಸಾಮಾನ್ಯವಾಗಿ ನಿಶ್ಚಿಂತೆಯಿಂದ ತಿನ್ನಬಹುದಾದವು: ಇಡ್ಲಿ, ಉದ್ದಿನ ವಡೆ, ಚಿತ್ರಾನ್ನ, ಪುಳಿಯೋಗರೆ, ಅಕ್ಕಿ ರೊಟ್ಟಿ, ರಾಗಿ ರೊಟ್ಟಿ, ಪೂರಿ, ಅವಲಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ.

ಕೇಳಿ ತಿನ್ನಬೇಕಾದವು: ಮಸಾಲೆ ದೋಸೆ, ಸೆಟ್ ದೋಸೆ, ರವೆ ದೋಸೆ, ಖಾರಾಬಾತು, ವಾಂಗಿಬಾತು, ಬಿಸಿಬೇಳೆಬಾತು, ಸಾಗು, ಚಪಾತಿ, ಪರೋಟ. ಇವುಗಳಲ್ಲಿ ಎಣ್ಣೆಯ ಬದಲು ತುಪ್ಪವನ್ನೋ ಬೆಣ್ಣೆಯನ್ನೋ ಬಳಸುವುದುಂಟು. ಕೆಲವೆಡೆ ಸೆಟ್ ದೋಸೆ ಮತ್ತು ರವೆ ದೋಸೆಯ ಹಿಟ್ಟಿಗೆ ಮೊಸರನ್ನೋ ಮಜ್ಜಿಗೆಯನ್ನೋ ಸೇರಿಸುತ್ತಾರೆ.

ಬಿಡಬೇಕಾದವು: ರವೆ ಇಡ್ಲಿ, ಕೇಸರಿಬಾತು, ಪೊಂಗಲ್, ಮೊಸರು ವಡೆ, ಬೆಣ್ಣೆ ದೋಸೆ, ನಾನ್, ಕುಲ್ಚಾ, ಪನ್ನೀರಿನ ಎಲ್ಲ ತಿನಿಸುಗಳು, ಕೆನೆ-ಬೆಣ್ಣೆ ಬೆರೆತ ಉತ್ತರ ಭಾರತೀಯ ಗ್ರೇವಿಗಳು.

‘ವೀಗನ್ ಏನಿದೆ?’ ಎಂದು ಕೇಳುವುದರಿಂದ ಬಹುತೇಕ ಹೋಟೆಲುಗಳಲ್ಲಿ ಉಪಯೋಗವಿಲ್ಲ. ‘ಎಲ್ಲವೂ ವೆಜ್ಜೇ ಸಾರ್’ ಎಂಬ ಪ್ರಾಮಾಣಿಕ ಉತ್ತರ ಬರುತ್ತದೆ. ಪದಾರ್ಥದ ಹೆಸರು ಹಿಡಿದು ಕೇಳುವುದೇ ಮೇಲು: ‘ಅಣ್ಣಾ, ಇದಕ್ಕೆ ಮೊಸರು ಹಾಕಿದ್ದೀರಾ? ತುಪ್ಪ, ಬೆಣ್ಣೆ ಬೇಡ, ಎಣ್ಣೆಯಲ್ಲೇ ಮಾಡಿಕೊಡಿ.’ ಹಾಲು ಮೈಗೆ ಒಗ್ಗುವುದಿಲ್ಲ ಎನ್ನುವವರು ಅದನ್ನು ಸ್ಪಷ್ಟವಾಗಿ ಹೇಳುವುದು ಒಳಿತು. ರುಚಿಯ ವಿಚಾರದಲ್ಲಿ ತುಸು ಉದಾಸೀನರಾಗುವ ಬಾಣಸಿಗರೂ ಆರೋಗ್ಯದ ಮಾತು ಬಂದಾಗ ಎಚ್ಚರ ವಹಿಸುತ್ತಾರೆ.

ಬೇಕರಿಗಳ ವಿಷಯದಲ್ಲಿ ಒಂದು ಸಾಮಾನ್ಯ ತಪ್ಪುಕಲ್ಪನೆಯಿದೆ. ಅಯ್ಯಂಗಾರ್ ಬೇಕರಿಗಳು ಮೊಟ್ಟೆ ಬಳಸುವುದಿಲ್ಲ ಎಂಬುದು ನಿಜ. ಆದರೆ ಬೆಣ್ಣೆ, ಹಾಲು, ಮೊಸರು ಅಲ್ಲಿ ಯಥೇಚ್ಛ. ‘ಎಗ್‌ಲೆಸ್’ ಎಂಬ ಫಲಕ ವೀಗನ್ ಎಂಬುದಕ್ಕೆ ಸಮಾನವಲ್ಲ. ಸಾದಾ ಬ್ರೆಡ್ಡಿನಲ್ಲಿಯೂ ಹಾಲಿನ ಪುಡಿ ಇರುವುದುಂಟು.

ಅಡುಗೆಮನೆಯಲ್ಲಿ

ಮನೆಯಡುಗೆಗೆ ಬಂದರೆ ಕೆಲಸ ಮತ್ತಷ್ಟು ಹಗುರ. ಹಳೆ ಮೈಸೂರು ಸೀಮೆಯ ಮುದ್ದೆ, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು. ಬಯಲುಸೀಮೆಯ ಜೋಳ ಮತ್ತು ಸಜ್ಜೆಯ ರೊಟ್ಟಿ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಕರಾವಳಿಯ ಪತ್ರೊಡೆ, ಮೂಡೆ, ಅನಾನಸಿನ ಮೆಣಸ್ಕಾಯಿ, ಪುನರ್ಪುಳಿ ಸಾರು. ಉತ್ತರ ಕನ್ನಡದ ಅಪ್ಪೆಹುಳಿ. ಮಲೆನಾಡಿನ ಕಳಲೆ ಪಲ್ಯ, ಅಕ್ಕಿ ಕಡುಬು ಇವುಗಳಿಗೆ ಒಗ್ಗರಣೆಯ ತುಪ್ಪವನ್ನು ಎಣ್ಣೆಗೆ ಬದಲಾಯಿಸಿದರೆ ಬೇರೇನೂ ಮಾಡಬೇಕಾಗಿಲ್ಲ.

ಹಬ್ಬದಡುಗೆಯಲ್ಲಿಯೂ ಸಾಕಷ್ಟು ದಾರಿಗಳಿವೆ. ಸಂಕ್ರಾಂತಿಯ ಎಳ್ಳು-ಬೆಲ್ಲ, ಯುಗಾದಿಯ ಬೇವು-ಬೆಲ್ಲ, ರಾಮನವಮಿಯ ಪಾನಕ-ಕೋಸಂಬರಿ, ನಾಗರಪಂಚಮಿಯ ಚಿಗಳಿ, ಚೌತಿಯ ಸಿಹಿಗಡುಬುಗಳಲ್ಲಿ ಹಾಲಿಗೆ ಸ್ಥಾನವೇ ಇಲ್ಲ. ಗಸಗಸೆ ಪಾಯಸ ಗಸಗಸೆ, ತೆಂಗಿನಕಾಯಿ, ಬೆಲ್ಲಗಳಿಂದ ಆಗುವಂಥದ್ದು. ಒತ್ತುಶ್ಯಾವಿಗೆಗೆ ಕಾಯಿಹಾಲು ಹಿಂದಿನಿಂದಲೂ ಜೋಡಿ. ಹಾಲುಬಾಯಿಯ ಹೆಸರಿನಲ್ಲಿ ಹಾಲಿದ್ದರೂ ಅದು ನೆನೆಸಿ ರುಬ್ಬಿ ಸೋಸಿದ ಅಕ್ಕಿಯ ಅಥವಾ ರಾಗಿಯ ಹಾಲು. ತಟ್ಟೆಗೆ ಸವರುವ ತುಪ್ಪದ ಬದಲು ಕೊಬ್ಬರಿ ಎಣ್ಣೆ ಸವರಿದರೆ ಸಾಕು. ಕನ್ನಡದಲ್ಲಿ ಹಾಲು ಎಂಬುದು ಹಸುವಿನದಷ್ಟೇ ಅಲ್ಲ ಎಂಬುದನ್ನು ಕಾಯಿಹಾಲು, ರಾಗಿಹಾಲು, ಎಳ್ಳುಹಾಲು ಎಂಬ ಪದಗಳೇ ಸಾರುತ್ತವೆ. ಕೊಡಗಿನ ತೋಟಗಳಲ್ಲಿ ಬೆಳೆಯುವ ಆವಕಾಡೊಗೆ ನಮ್ಮವರಿಟ್ಟ ಹೆಸರು ಬೆಣ್ಣೆಹಣ್ಣು.

ಹಾಲಿನ ಸ್ಥಾನವನ್ನು ತುಂಬುವ ಮೂರು ಪದಾರ್ಥಗಳನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬಹುದು.

ಕಾಯಿಹಾಲು: ತುರಿದ ಕಾಯಿಯನ್ನು ಸ್ವಲ್ಪವೇ ಬಿಸಿನೀರು ಹಾಕಿ ರುಬ್ಬಿ, ಹಿಂಡಿ ತೆಗೆದದ್ದು ಮೊದಲ ಹಾಲು. ಅದೇ ಚರಟಕ್ಕೆ ಮತ್ತೆ ನೀರು ಹಾಕಿ ರುಬ್ಬಿ ತೆಗೆದದ್ದು ಎರಡನೆಯ ಹಾಲು. ಹೆಸರುಬೇಳೆಯನ್ನೋ ಅಕ್ಕಿಯನ್ನೋ ಎರಡನೆಯ ಹಾಲಿನಲ್ಲಿ ಬೇಯಿಸಿ, ಬೆಲ್ಲ ಕರಗಿದ ಮೇಲೆ ಮೊದಲ ಹಾಲನ್ನು ಸೇರಿಸಿ ಕೂಡಲೇ ಒಲೆಯಿಂದ ಇಳಿಸಬೇಕು. ಮೊದಲ ಹಾಲು ಕುದಿದರೆ ಎಣ್ಣೆ ಬೇರ್ಪಡುತ್ತದೆ.

ಸೋಯಾ ಹಾಲು: ಒಂದು ಲೋಟ ಸೋಯಾಬೀನನ್ನು 8ರಿಂದ 10 ಗಂಟೆ ನೆನೆಸಿ, ಸಿಪ್ಪೆ ಕಳೆದು, 6ರಿಂದ 7 ಲೋಟ ನೀರಿನೊಡನೆ ನುಣ್ಣಗೆ ರುಬ್ಬಿ, ತೆಳುಬಟ್ಟೆಯಲ್ಲಿ ಸೋಸಿ, ಕೈಯಾಡಿಸುತ್ತ 20 ನಿಮಿಷ ಕುದಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ರಿಯೆಯನ್ನು ತಡೆಯುವ ಅಂಶವಿರುವುದರಿಂದ ಕುದಿಸದೆ ಕುಡಿಯಬಾರದು. ಕಾಫಿಗೆ ಬೆರೆಸುವಾಗ ಡಿಕಾಕ್ಷನ್ನಿನ ಹುಳಿ ಮತ್ತು ಬಿಸಿಗೆ ಸೋಯಾ ಹಾಲು ಒಡೆಯುವುದುಂಟು. ಹಾಲನ್ನು ಮೊದಲೇ ಬೆಚ್ಚಗೆ ಮಾಡಿಕೊಂಡು, ತುಸು ಆರಿದ ಡಿಕಾಕ್ಷನ್ನನ್ನು ನಿಧಾನವಾಗಿ ಹಾಲಿಗೆ ಸುರಿದರೆ ಈ ತೊಂದರೆ ಕಡಿಮೆಯಾಗುತ್ತದೆ.

ಶೇಂಗಾ ಮೊಸರು: ಒಂದು ಲೋಟ ಹಸಿ ಕಡಲೆಕಾಯಿ ಬೀಜವನ್ನು 6ರಿಂದ 8 ಗಂಟೆ ನೆನೆಸಿ, 3ರಿಂದ 4 ಲೋಟ ನೀರಿನೊಡನೆ ರುಬ್ಬಿ ಸೋಸಿ, ತಳ ಹಿಡಿಯದಂತೆ ಕಲಕುತ್ತ ಗಟ್ಟಿಯಾಗುವವರೆಗೆ ಕುದಿಸಿ, ಉಗುರು ಬೆಚ್ಚಗಾದ ಮೇಲೆ ತೊಟ್ಟಿರುವ ನಾಲ್ಕೈದು ಹಸಿಮೆಣಸಿನಕಾಯಿಗಳನ್ನು ಅದರಲ್ಲಿ ಮುಳುಗಿಸಿ ಮುಚ್ಚಿಡಬೇಕು. ಮೆಣಸಿನಕಾಯಿಯ ತೊಟ್ಟಿನಲ್ಲಿರುವ ಸೂಕ್ಷ್ಮಾಣುಗಳು ಹೆಪ್ಪಿನ ಕೆಲಸ ಮಾಡುತ್ತವೆ. 8ರಿಂದ 12 ಗಂಟೆಗಳಲ್ಲಿ ಸಿದ್ಧವಾಗುವ ಮೊದಲ ಮೊಸರು ಸಾಧಾರಣವಾಗಿದ್ದರೂ ಅದನ್ನೇ ಹೆಪ್ಪಾಗಿ ಬಳಸಿದ ಎರಡನೆಯದು ಚೆನ್ನಾಗಿರುತ್ತದೆ. ಮೊಸರನ್ನಕ್ಕೂ ಗೋಳಿಬಜೆಯ ಹಿಟ್ಟಿಗೂ ಇದು ಒದಗುತ್ತದೆ.

ಪ್ರಯಾಣದ ಹಾದಿಯಲ್ಲಿ

ಬೆಂಗಳೂರು-ಮೈಸೂರು: 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬದಿಗಿರಿಸಿ ಸಾಗುತ್ತದೆ. ಹಳೆಯ ಹೋಟೆಲುಗಳಲ್ಲಿ ತಿನ್ನಬೇಕೆಂದರೆ ಊರೊಳಗಿನ ಹಳೆಯ ರಸ್ತೆಗೆ ಇಳಿಯಲೇಬೇಕು. ಬಿಡದಿಯ ತಟ್ಟೆ ಇಡ್ಲಿಗೆ ‘ಬೆಣ್ಣೆ ಬೇಡ’ ಎಂದರೆ ಸಾಕು. ಮದ್ದೂರು ವಡೆಯ ಹಿಟ್ಟಿಗೆ ಕೆಲವರು ಕಾಯಿಸಿದ ಎಣ್ಣೆ, ಕೆಲವರು ತುಪ್ಪ ಅಥವಾ ಬೆಣ್ಣೆ ಹಾಕುವುದರಿಂದ ಅದನ್ನು ಕೇಳಿಯೇ ಕೊಳ್ಳಬೇಕು. ದಾರಿಯುದ್ದಕ್ಕೂ ಸಿಗುವ ಎಳನೀರಿಗೆ ಯಾವ ಪ್ರಶ್ನೆಯೂ ಬೇಕಾಗಿಲ್ಲ.

ತುಮಕೂರು-ದಾವಣಗೆರೆ-ಹುಬ್ಬಳ್ಳಿ: ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಈ ಮಾರ್ಗದ ಮೊದಲ ನಿಲುಗಡೆ. ಬೆಣ್ಣೆದೋಸೆಯ ಊರೆಂದೇ ಹೆಸರಾದ ದಾವಣಗೆರೆಯಲ್ಲಿ ವೀಗನ್ ಪ್ರಯಾಣಿಕರು ಹಸಿದು ಮಲಗಬೇಕಾಗಿಲ್ಲ; ಆ ಊರು ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಗೂ ಅಷ್ಟೇ ಪ್ರಸಿದ್ಧ. ಹುಬ್ಬಳ್ಳಿ-ಧಾರವಾಡಗಳಲ್ಲಿ ಗಿರ್ಮಿಟ್ ಮತ್ತು ಮಿರ್ಚಿಭಜಿ ಸಂಜೆಯ ಹಸಿವನ್ನು ನೀಗಿಸುತ್ತವೆ. ಊಟಕ್ಕೆ ಖಾನಾವಳಿಗಳಿವೆ. ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳಿನ ಪಲ್ಯ, ಹಿಂಡಿ, ಹಸಿ ಈರುಳ್ಳಿ, ಮೆಂತ್ಯಸೊಪ್ಪುಗಳ ತಟ್ಟೆಯಿಂದ ಮೊಸರಿನ ಬಟ್ಟಲನ್ನು ಸರಿಸಿಟ್ಟರೆ ಉಳಿದದ್ದು ಪರಿಪೂರ್ಣ ಊಟ. ಗೋಕಾಕ, ಅಮೀನಗಡಗಳ ಕರದಂಟಿನಲ್ಲಿ ತುಪ್ಪವಿರುತ್ತದೆ. ಮನೆಗೆ ಒಯ್ಯಲು ಶೇಂಗಾ ಚಟ್ನಿಪುಡಿಯೇ ಸೂಕ್ತ.

ಕರಾವಳಿ: ಇಲ್ಲಿ ತೆಂಗು ಹೇರಳವಾದ್ದರಿಂದ ಮೇಲೋಗರಗಳಿಗೆ ಕೆನೆಯ ಅಗತ್ಯವಿಲ್ಲ, ಒಗ್ಗರಣೆಗೆ ಕೊಬ್ಬರಿ ಎಣ್ಣೆ ರೂಢಿ. ನೀರುದೋಸೆಯಲ್ಲಿ ಅಕ್ಕಿ, ಉಪ್ಪು, ನೀರಿನ ಹೊರತು ಹೆಚ್ಚೇನೂ ಇರುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದ ಉಡುಪಿಯ ಮಟ್ಟುಗುಳ್ಳದ ಹುಳಿಯನ್ನು ಸವಿಯಬಹುದು. ಗೋಳಿಬಜೆ ಮತ್ತು ಬನ್ಸ್‌ಗಳೆರಡರಲ್ಲೂ ಮೊಸರಿದೆ ಎಂಬುದನ್ನು ಮರೆಯಬಾರದು.

ಮಲೆನಾಡು ಮತ್ತು ಕೊಡಗು: ಅಕ್ಕಿ ರೊಟ್ಟಿ, ಕಡುಬು, ಕೊಡಗಿನ ಕಡಂಬುಟ್ಟು ಮತ್ತು ನೂಲ್ಪುಟ್ಟುಗಳು ಅಕ್ಕಿಯಿಂದಲೇ ಆದವು. ಮಳೆಗಾಲದಲ್ಲಿ ಅಣಬೆ ಮತ್ತು ಕಳಲೆಯ ಸಾರು ಇವಕ್ಕೆ ಜೊತೆಯಾಗುತ್ತವೆ. ಆದರೆ ಪಾಪುಟ್ಟುವಿಗೆ ಹಾಲು ಹಾಕುವ ರೂಢಿಯಿದೆ. ಹಾಲಿನ ಕಾಫಿಯನ್ನು ಬಿಟ್ಟವರಿಗೆ ಕೊಡಗಿನ ಬೆಲ್ಲದ ಕರಿಕಾಫಿ ಒಳ್ಳೆಯ ಸಮಾಧಾನ.

ದೇವಸ್ಥಾನಗಳ ಭೋಜನಶಾಲೆಗಳಲ್ಲಿ ಅನ್ನ, ಸಾರು, ಹುಳಿಗಳು ಸಾಮಾನ್ಯವಾಗಿ ಹಾಲಿಲ್ಲದವು. ಪಾಯಸಕ್ಕೆ ಕರಾವಳಿಯಲ್ಲಿ ಕಾಯಿಹಾಲು ಬಳಸುವುದು ಹೆಚ್ಚಾದರೂ ತುಪ್ಪ ಸೇರಿರಬಹುದು. ಪಂಚಾಮೃತದಲ್ಲಿ ಹಾಲು, ಮೊಸರು, ತುಪ್ಪ, ಜೇನು ನಾಲ್ಕೂ ಇರುತ್ತವೆ. ಬಡಿಸುವವರ ಬಳಿ ಪದಾರ್ಥದ ಚರ್ಚೆ ನಡೆಸುವುದಕ್ಕಿಂತ ಮೊದಲೇ ವಿನಯದಿಂದ ‘ಸಾಕು’ ಎನ್ನುವುದು ಲೇಸು. ಎಲೆಗೆ ಬಿದ್ದ ಪ್ರಸಾದವನ್ನು ಬಿಟ್ಟೇಳುವುದು ಯಾರಿಗೂ ಹಿತವಲ್ಲ.

ಪೊಟ್ಟಣದ ಮೇಲಿನ ಗುರುತು

ದೂರ ಪ್ರಯಾಣದಲ್ಲಿ ಪೊಟ್ಟಣದ ತಿನಿಸು ಅನಿವಾರ್ಯ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರವನ್ನು ಸೂಚಿಸುತ್ತದೆ. ಆದರೆ ನಮ್ಮ ಕಾನೂನಿನ ವ್ಯಾಖ್ಯೆಯಲ್ಲಿ ಹಾಲು, ಹಾಲಿನ ಉತ್ಪನ್ನ ಮತ್ತು ಜೇನುತುಪ್ಪಗಳು ಮಾಂಸಾಹಾರದ ಪರಿಧಿಗೆ ಬರುವುದಿಲ್ಲವಾದ್ದರಿಂದ ಅವುಗಳಿಗೂ ಹಸಿರು ಚುಕ್ಕೆಯೇ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2022ರಲ್ಲಿ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಿತು. ಚೌಕದೊಳಗೆ ಎಲೆಯ ಚಿಗುರಿನೊಂದಿಗಿರುವ ಹಸಿರು ‘ವಿ’ ಅಕ್ಷರ ಅದರ ಲಾಂಛನ. ಕಚ್ಚಾ ಪದಾರ್ಥದಲ್ಲಷ್ಟೇ ಅಲ್ಲ, ಸಂಸ್ಕರಣೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತು ಬಳಕೆಯಾಗಿರಬಾರದು ಎಂಬುದು ಆ ನಿಯಮದ ಸಾರ.

ಲಾಂಛನವಿಲ್ಲದ ಪೊಟ್ಟಣಗಳೇ ಹೆಚ್ಚು. ಅಂಥ ಕಡೆ ಅಲರ್ಜಿಯ ಎಚ್ಚರಿಕೆಯ ಸಾಲನ್ನು ಓದಿ. ಹಾಲಿನ ಅಂಶವಿದ್ದರೆ ಅದನ್ನು ಅಲ್ಲಿ ನಮೂದಿಸುವುದು ಕಡ್ಡಾಯ. ಹಾಲಿನ ಘನಾಂಶ, ವೇ, ಕೇಸಿನ್, ಲ್ಯಾಕ್ಟೋಸ್ ಎಂಬ ಹೆಸರುಗಳು ಕಂಡರೆ ಅದು ಹಾಲೆಂದೇ ತಿಳಿಯಬೇಕು. ಬಿಸ್ಕತ್ತು, ಚಿಪ್ಸ್‌ಗಳ ಮಸಾಲೆಯಲ್ಲಿಯೂ ಇವು ಅಡಗಿರುತ್ತವೆ.

ಮರೆಯಬಾರದ ವಿಟಮಿನ್ ಬಿ-12

ವೀಗನ್ ಆಹಾರದಲ್ಲಿ ನಿಜವಾದ ಅಪಾಯ ಇರುವುದು ರುಚಿಯಲ್ಲಲ್ಲ, ವಿಟಮಿನ್ ಬಿ-12ರ ಕೊರತೆಯಲ್ಲಿ. ಧಾನ್ಯ, ಬೇಳೆ, ಸೊಪ್ಪು, ಹಣ್ಣು ಯಾವುದರಲ್ಲಿಯೂ ನಂಬಿಕೊಳ್ಳುವಷ್ಟು ಪ್ರಮಾಣದಲ್ಲಿ ಈ ವಿಟಮಿನ್ ಇಲ್ಲ. ಹುದುಗಿಸಿದ ಇಡ್ಲಿ ಹಿಟ್ಟನ್ನಾಗಲಿ, ಸ್ಪಿರುಲಿನಾ ಪುಡಿಯನ್ನಾಗಲಿ ನೆಚ್ಚಿಕೊಳ್ಳುವಂತಿಲ್ಲ. ಸಸ್ಯಾಹಾರಿ ಮನೆಗಳಿಗೆ ಇದು ದೊರೆಯುತ್ತಿದ್ದುದು ಬಹುಮಟ್ಟಿಗೆ ಹಾಲು-ಮೊಸರಿನಿಂದ. ಹಾಲನ್ನೂ ಬಿಟ್ಟಾಗ ಉಳಿದಿದ್ದ ಆ ಒಂದು ಬಾಗಿಲೂ ಮುಚ್ಚುತ್ತದೆ.

ಪಿತ್ತಜನಕಾಂಗದಲ್ಲಿ ಬಿ-12 ವರ್ಷಗಟ್ಟಲೆ ಸಂಗ್ರಹವಾಗಿರುವುದರಿಂದ ಕೊರತೆ ಕೂಡಲೇ ಗೋಚರಿಸುವುದಿಲ್ಲ. ‘ನನಗೇನೂ ಆಗಿಲ್ಲ’ ಎಂಬ ಧೈರ್ಯ ಹುಟ್ಟುವುದು ಇದರಿಂದಲೇ. ಆಯಾಸ, ಕೈಕಾಲು ಜೋಮು ಹಿಡಿಯುವುದು, ನಾಲಗೆಯ ಉರಿ, ಮರೆವು ಇದರ ಲಕ್ಷಣಗಳು. ಸೊಪ್ಪು-ಬೇಳೆ ಹೆಚ್ಚಾಗಿ ತಿನ್ನುವವರಲ್ಲಿ ಫೋಲೇಟ್ ಸಮೃದ್ಧವಾಗಿರುವುದರಿಂದ ರಕ್ತಹೀನತೆ ಮರೆಯಾಗಿದ್ದು, ನರಗಳ ಹಾನಿ ಒಳಗೊಳಗೇ ಮುಂದುವರಿಯುವ ಸಂಭವವೂ ಇದೆ. ತಡವಾದರೆ ಆ ಹಾನಿ ಶಾಶ್ವತವಾಗಬಹುದು.

ಪರಿಹಾರ ಸುಲಭ ಮತ್ತು ಅಗ್ಗ. ವಯಸ್ಕರ ದೈನಂದಿನ ಅಗತ್ಯ ಸುಮಾರು 2.4 ಮೈಕ್ರೋಗ್ರಾಂ. ಮಾತ್ರೆಯಿಂದ ಹೀರಲ್ಪಡುವ ಪ್ರಮಾಣ ಕಡಿಮೆಯಾದ್ದರಿಂದ ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಮಾತ್ರೆಯನ್ನು ವೀಗನ್ ಸೊಸೈಟಿ ಶಿಫಾರಸು ಮಾಡುತ್ತದೆ. ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕಂಡು ಪ್ರಮಾಣವನ್ನು ನಿಗದಿಪಡಿಸಿಕೊಳ್ಳಬೇಕು. ಗರ್ಭಿಣಿಯರು ಮತ್ತು ಹಾಲೂಡಿಸುವ ತಾಯಂದಿರು ಇದನ್ನು ಎಂದೂ ಕಡೆಗಣಿಸಬಾರದು. ತಾಯಿಯ ಕೊರತೆ ಮಗುವಿನ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸಬಲ್ಲದು. ಒಂದು ವರ್ಷದೊಳಗಿನ ಶಿಶುವಿಗೆ ಎದೆಹಾಲು ಅಥವಾ ವೈದ್ಯರು ಸೂಚಿಸಿದ ಶಿಶು ಆಹಾರದ ಬದಲು ಸೋಯಾ, ಬಾದಾಮಿ, ತೆಂಗಿನ ಹಾಲುಗಳನ್ನು ಕೊಡಲೇಕೂಡದು.

ಸುಣ್ಣದಂಶಕ್ಕೆ ನಮ್ಮ ಧಾನ್ಯಗಳೇ ನೆರವಾಗುತ್ತವೆ. 100 ಗ್ರಾಂ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ತೂಕದ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಎಳ್ಳಿನಲ್ಲಿ 1200 ಮಿಲಿಗ್ರಾಂಗೂ ಅಧಿಕ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು. ರಾಗಿಯಲ್ಲಿನ ಫೈಟೇಟ್ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿಯಾಗುವುದರಿಂದ ನೆನೆಸಿ ಮೊಳಕೆ ಬರಿಸಿದ ರಾಗಿ ಹೆಚ್ಚು ಉಪಯುಕ್ತ. ಪ್ರೋಟೀನಿಗೆ ಅವರೆ, ಹುರುಳಿ, ಹೆಸರು, ಕಡಲೆ, ಶೇಂಗಾಗಳಿವೆ. ಡಿ-3 ಮಾತ್ರೆಗಳನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಮೇಣದಿಂದ ತಯಾರಿಸುತ್ತಾರೆ. ಕ್ಯಾಪ್ಸೂಲಿನ ಕವಚ ಜೆಲಾಟಿನ್ ಆಗಿರಬಹುದು. ಔಷಧಿ ಅಂಗಡಿಯಲ್ಲಿ ವಿಚಾರಿಸಿ ಕೊಳ್ಳಬೇಕು.

ಹಾಲಿನ ನಾಡಿನಲ್ಲಿ

ಈ ಆಯ್ಕೆಗೆ ಮತ್ತೊಂದು ಮುಖವಿರುವುದನ್ನೂ ಗಮನಿಸಬೇಕು. ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಆರಂಭವಾದ ಹೈನು ಅಭಿವೃದ್ಧಿ ಯೋಜನೆ ಇಂದು ‘ನಂದಿನಿ’ ಹೆಸರಿನ ಬೃಹತ್ ಸಹಕಾರಿ ಜಾಲವಾಗಿ ಬೆಳೆದಿದೆ. ಮಳೆ ಕೈಕೊಟ್ಟ ವರ್ಷದಲ್ಲಿಯೂ ಲಕ್ಷಾಂತರ ಸಣ್ಣ ರೈತ ಕುಟುಂಬಗಳಿಗೆ, ಅದರಲ್ಲಿಯೂ ಮಹಿಳೆಯರಿಗೆ, ಕೈಗೆ ಕಾಸು ತರುವುದು ಡೇರಿಗೆ ಹಾಕಿದ ಹಾಲು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆ ಸರ್ಕಾರಿ ಶಾಲೆಗಳ ಮತ್ತು ಅಂಗನವಾಡಿಗಳ ಮಕ್ಕಳಿಗೆ ಹಾಲನ್ನು ತಲುಪಿಸಿತು. ಬೇರೆ ಪೌಷ್ಟಿಕ ಆಹಾರ ಕೊಳ್ಳಲಾಗದ ಮನೆಯ ಮಗುವಿಗೆ ಆ ಒಂದು ಲೋಟದ ಬೆಲೆ ಬಹಳ ದೊಡ್ಡದು. ಬಿ-12 ಮಾತ್ರೆಯನ್ನು ಕೊಳ್ಳಬಲ್ಲ, ಪೊಟ್ಟಣದ ಬರಹವನ್ನು ಓದಬಲ್ಲ ನಗರವಾಸಿಯ ಆಯ್ಕೆಯನ್ನು ಎಲ್ಲರ ಮೇಲೆ ಹೇರುವುದು ನ್ಯಾಯವಲ್ಲ.

ಅದೇ ರೀತಿ, ಹಾಲನ್ನು ಒಲ್ಲೆನೆಂದವರನ್ನು ‘ಇದೆಂಥ ವಿದೇಶಿ ಹುಚ್ಚು’ ಎಂದು ಹೀಗಳೆಯುವುದೂ ಸರಿಯಲ್ಲ. ಮುದ್ದೆ-ಬಸ್ಸಾರನ್ನೋ ರೊಟ್ಟಿ-ಹಿಂಡಿಯನ್ನೋ ಉಂಡು ಹೊಲಕ್ಕೆ ಹೋದ ತಲೆಮಾರುಗಳ ಊಟದಲ್ಲಿ ಹಾಲು ನಿತ್ಯದ ವಸ್ತುವಾಗಿರಲಿಲ್ಲ. ಮಜ್ಜಿಗೆ ಸಿಕ್ಕರೆ ಅದು ಭಾಗ್ಯ. ಪ್ಯಾಕೆಟ್ಟಿನ ಬಾದಾಮಿ ಹಾಲು ಹಸುವಿನ ಹಾಲಿಗಿಂತ ಹಲವು ಪಟ್ಟು ದುಬಾರಿ. ಆದರೆ ಶೇಂಗಾ, ಎಳ್ಳು, ರಾಗಿ, ತೆಂಗು ನಮ್ಮ ಸಂತೆಯಲ್ಲಿಯೇ ಇವೆ. ಇದನ್ನು ಪ್ರಯತ್ನಿಸಬಯಸುವವರು ವಾರಕ್ಕೊಂದು ದಿನದಿಂದ ಆರಂಭಿಸಬಹುದು. ಆ ದಿನ ತುಪ್ಪದ ಮಿಳ್ಳೆಯನ್ನು ಡಬ್ಬಿಯಲ್ಲೇ ಬಿಟ್ಟು, ಬೆಲ್ಲದ ಕರಿಕಾಫಿ ಕುಡಿದು, ಊಟದ ಕೊನೆಗೆ ಪುನರ್ಪುಳಿ ಸಾರನ್ನು ಬಡಿಸಿಕೊಂಡು ನೋಡಿ. ಮಾರನೆಯ ದಿನದಿಂದ ಏನು ಎಂಬುದು ಅವರವರ ವಿವೇಚನೆಗೆ ಬಿಟ್ಟದ್ದು. ಶಾಶ್ವತವಾಗಿ ಹಾಲು ಬಿಡುವುದಾದರೆ ಮಾತ್ರ, ಅಡುಗೆಯ ಪಟ್ಟಿಗಿಂತ ಮೊದಲು ಬಿ-12 ಮಾತ್ರೆಯನ್ನು ಮನೆಗೆ ತಂದಿಟ್ಟುಕೊಳ್ಳುವುದು ಕ್ಷೇಮ.